ಟರ್ನ್‌ನಲ್ಲಿ ಬೆಟ್ಟೋ ಚೆಕ್ಕೋ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಪೋಕರ್ ಆಟದಲ್ಲಿ ರಿವರ್‌ನಲ್ಲಿ, ಅಂದರೆ ಕೊನೆಯ ಎಲೆ ಬಿದ್ದಾಗ, ದೊಡ್ಡ ಪಾಟ್ (ಎಲ್ಲರೂ ಹಾಕಿದ ಚಿಪ್‌ಗಳ ರಾಶಿ) ಕೈತಪ್ಪಿದರೆ ನಾವು ಬೈಯುವುದು ರಿವರ್ ಎಲೆಯನ್ನೇ. ಕೊನೆಗೆ ಬಿದ್ದದ್ದು ಅದು, ಕಣ್ಣಿಗೆ ಕುಕ್ಕುವುದೂ ಅದೇ. ಆದರೆ ಹ್ಯಾಂಡನ್ನು (ಎಲೆ ಹಂಚಿದಲ್ಲಿಂದ ಪಾಟ್ ಮುಗಿಯುವವರೆಗಿನ ಒಂದು ಆಟವನ್ನು) ಹಿಂದಿನಿಂದ ಬಿಚ್ಚಿ ನೋಡಿ. ಆಟ ಕೆಟ್ಟದ್ದು ಬಹಳ ಸಲ ಅದಕ್ಕೂ ಒಂದು ಎಲೆ ಮೊದಲೇ, ಟರ್ನ್‌ನಲ್ಲಿ. ಅಲ್ಲಿ ಹಾಕಬಾರದ ಬೆಟ್ ಹಾಕಿರುತ್ತೇವೆ, ಇಲ್ಲವೇ ಹಾಕಬೇಕಾದ ಕಡೆ ಸುಮ್ನೆ ಚೆಕ್ ಮಾಡಿರುತ್ತೇವೆ, ಅಂದರೆ ಏನೂ ಹಾಕದೆ ಸರದಿ ದಾಟಿಸಿರುತ್ತೇವೆ.

ಇಲ್ಲಿ ಮಾತಾಡುತ್ತಿರುವುದು ನೋ ಲಿಮಿಟ್ (ಬೆಟ್‌ಗೆ ಮಿತಿ ಇಲ್ಲದ) ಟೆಕ್ಸಾಸ್ ಹೋಲ್ಡೆಮ್ ಬಗ್ಗೆ. ಒಬ್ಬೊಬ್ಬರ ಕೈಯಲ್ಲಿ ಎರಡು ಎಲೆ, ನೆಲದ ಮೇಲೆ ಎಲ್ಲರಿಗೂ ಸೇರಿದ ಐದು: ಮೊದಲ ಮೂರು ಫ್ಲಾಪ್, ನಾಲ್ಕನೆಯದು ಟರ್ನ್, ಐದನೆಯದು ರಿವರ್. ಸನ್ನಿವೇಶ ಎಲ್ಲರಿಗೂ ಗೊತ್ತಿರುವಂಥದ್ದು. ಫ್ಲಾಪಿಗೆ ಮೊದಲು ನೀವು ರೈಸ್ ಮಾಡಿದಿರಿ (ಬೆಟ್ ಏರಿಸಿದಿರಿ), ಒಬ್ಬರು ಕಾಲ್ ಮಾಡಿದರು (ಅಷ್ಟೇ ಚಿಪ್ ಹಾಕಿ ಆಟದಲ್ಲಿ ಉಳಿದರು). ಫ್ಲಾಪ್‌ನಲ್ಲಿ ನೀವು ಬೆಟ್ ಮಾಡಿದಿರಿ, ಅವರು ಮತ್ತೆ ಕಾಲ್ ಮಾಡಿದರು. ನಾಲ್ಕನೇ ಎಲೆ ಬಿತ್ತು. ಈಗೇನು?

ನನಗೆ ಕಾಣುವ ಹಾಗೆ ಇಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವಕ್ಕೆ ಬೇರು ಒಂದೇ. ಟರ್ನ್‌ನ ತೀರ್ಮಾನವನ್ನು ಫ್ಲಾಪ್ ನೋಡಿಕೊಂಡು ಮಾಡುತ್ತೇವೆ. "ಆಗಲೇ ಒಂದು ಬೆಟ್ ಹಾಕಿದ್ದೇನಲ್ಲ, ಈಗ ನಿಲ್ಲಿಸಿದರೆ ಹೆದರಿದ ಹಾಗೆ ಕಾಣುತ್ತೆ" ಎಂದು ಬೆಟ್ ಹಾಕುತ್ತೇವೆ. ಅಥವಾ "ಫ್ಲಾಪ್‌ನಲ್ಲಿ ಕಾಲ್ ಮಾಡಿಬಿಟ್ಟರು, ಏನೋ ಇದೆ" ಎಂದು ಚೆಕ್ ಮಾಡುತ್ತೇವೆ. ಎರಡರಲ್ಲೂ ಹೊಸ ಎಲೆಯ ಲೆಕ್ಕ ಇಲ್ಲ, ಮುಂದೆ ಬರುವ ರಿವರ್‌ನ ಯೋಚನೆಯೂ ಇಲ್ಲ.

ಮೊದಲು ದಾಖಲೆ

ದಾಖಲೆ ಇಲ್ಲದೆ ದೋಷ ಹುಡುಕಲು ಆಗುವುದಿಲ್ಲ. ನೆನಪಿನಲ್ಲಿ ಉಳಿಯುವುದು ನೋವು ಕೊಟ್ಟ ಹ್ಯಾಂಡುಗಳು ಮಾತ್ರ. ಟರ್ನ್‌ವರೆಗೆ ಹೋದ ಮೂವತ್ತು ಹ್ಯಾಂಡುಗಳನ್ನು ಬರೆದಿಟ್ಟುಕೊಳ್ಳಿ, ಗೆದ್ದವು ಸೋತವು ಎಲ್ಲವನ್ನೂ. ಪ್ರತಿ ಹ್ಯಾಂಡಿಗೆ ಐದು ಸಂಗತಿ ಸಾಕು: ನೀವು ಮೊದಲು ಆಡಬೇಕಿತ್ತೋ ಕೊನೆಗೋ, ಟರ್ನ್ ಬಿದ್ದಾಗ ಪಾಟ್ ಎಷ್ಟಿತ್ತು, ಇಬ್ಬರಲ್ಲಿ ಚಿಕ್ಕ ಸ್ಟ್ಯಾಕ್ (ಮುಂದೆ ಉಳಿದಿರುವ ಚಿಪ್) ಎಷ್ಟಿತ್ತು, ಟರ್ನ್ ಎಲೆ ಯಾವುದು, ನೀವು ಹಾಗೆ ಮಾಡಲು ಕಾರಣ ಏನು.

ಕೊನೆಯ ಕಲಂ ಕಷ್ಟದ್ದು. "ನನ್ನ ಕೈ ಚೆನ್ನಾಗಿತ್ತು" ಎನ್ನುವುದು ಕಾರಣ ಅಲ್ಲ. "ಇದಕ್ಕಿಂತ ಕಡಿಮೆ ಕೈಗಳು ಕಾಲ್ ಮಾಡುತ್ತವೆ" ಎನ್ನುವುದು ಕಾರಣ. ಆ ಕಲಂ ಖಾಲಿ ಉಳಿದ ಹ್ಯಾಂಡುಗಳಿಗೆ ಒಂದು ಗುರುತು ಹಾಕಿ. ಹುಡುಕಾಟ ಅಲ್ಲಿಂದಲೇ ಶುರು ಮಾಡಬಹುದು.

ಇದು ದೋಷವೋ, ಬರೀ ಅದೃಷ್ಟದ ಆಟವೋ

ಟರ್ನ್ ಬಿದ್ದ ಮೇಲೆ ನೀವು ನೋಡದ ಎಲೆಗಳು 46. ಎದುರಾಳಿಗೆ ಫ್ಲಶ್ ಡ್ರಾ ಇದ್ದರೆ (ಒಂದೇ ಜಾತಿಯ ಐದು ಎಲೆ ಆಗಲು ಇನ್ನೊಂದೇ ಬೇಕಿದ್ದರೆ) ಅವರಿಗೆ ಬೇಕಾದವು 9. ಅಂದರೆ ಸುಮಾರು ಶೇಕಡ 20, ಐದರಲ್ಲಿ ಒಂದು ಸಲ. ಸ್ಟ್ರೇಟ್ ಎಂದರೆ ಸಾಲಾಗಿ ಬರುವ ಐದು ಎಲೆ; ಎರಡೂ ತುದಿಯಲ್ಲಿ ತೆರೆದಿರುವ ಸ್ಟ್ರೇಟ್ ಡ್ರಾಗೆ 8 ಎಲೆ, ಸುಮಾರು ಶೇಕಡ 17. ನಡುವಿನ ಒಂದೇ ಎಲೆ ಬೇಕಾದ ಸ್ಟ್ರೇಟ್‌ಗೆ 4 ಎಲೆ, ಶೇಕಡ 9ಕ್ಕೂ ಸ್ವಲ್ಪ ಕಡಿಮೆ.

ನೀವು ಸರಿಯಾದ ಬೆಟ್ ಹಾಕಿ, ಅವರು ತಪ್ಪಾಗಿ ಕಾಲ್ ಮಾಡಿ, ಆ ಐದರಲ್ಲಿ ಒಂದು ಬಿದ್ದರೆ ನಿಮ್ಮ ಆಟದಲ್ಲಿ ರಿಪೇರಿ ಮಾಡುವಂಥದ್ದು ಏನೂ ಇಲ್ಲ. ಅಂಥ ಹ್ಯಾಂಡುಗಳನ್ನು ಪಟ್ಟಿಯಿಂದ ಬದಿಗಿಡಿ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಸರಿಯಾಗಿ ಆಡಿ ಸೋತವರು ಆಟವನ್ನೇ ಬದಲಿಸಿಕೊಂಡು ಚೆನ್ನಾಗಿದ್ದದ್ದನ್ನೂ ಕೆಡಿಸಿಕೊಳ್ಳುತ್ತಾರೆ.

ಲಕ್ಷಣ: ಟರ್ನ್ ಬೆಟ್ಟಿಗೆ ಕಾಲ್ ಬಂತೆಂದರೆ ನೀವು ಹಿಂದೆ ಬಿದ್ದಿರುತ್ತೀರಿ

ಇದು ಸಾಧಾರಣ ಕೈಗಳಿಗೆ ಅಂಟುವ ರೋಗ. ಬ್ಲೈಂಡುಗಳು (ಆಟ ಶುರುವಾಗುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಬೆಟ್) 5 ಮತ್ತು 10 ಚಿಪ್ ಎಂದುಕೊಳ್ಳಿ. ಬಟನ್‌ನಲ್ಲಿ (ಫ್ಲಾಪ್‌ನಿಂದ ಮುಂದೆ ಕೊನೆಗೆ ಆಡುವ ಜಾಗದಲ್ಲಿ) ಕೂತ ನೀವು ರಾಜ ಮತ್ತು ಗುಲಾಮ ಹಿಡಿದು 25ಕ್ಕೆ ರೈಸ್ ಮಾಡಿದಿರಿ. ಬಿಗ್ ಬ್ಲೈಂಡ್ (10 ಹಾಕಿದವರು) ಕಾಲ್. 5 ಹಾಕಿದವರು ಬಿಟ್ಟರು, ಪಾಟ್ 55. ಫ್ಲಾಪ್ ಗುಲಾಮ, 7, 2, ಮೂರೂ ಬೇರೆ ಜಾತಿ. ಅವರು ಚೆಕ್ ಮಾಡಿದರು, ನೀವು 25 ಹಾಕಿದಿರಿ, ಕಾಲ್ ಬಂತು. ಪಾಟ್ 105. ಟರ್ನ್ ಎಕ್ಕ, ಉಳಿದ ನಾಲ್ಕನೇ ಜಾತಿಯದ್ದು. ಅವರು ಮತ್ತೆ ಚೆಕ್ ಮಾಡಿದರು.

ಪರೀಕ್ಷೆ ಹೀಗೆ: ನಿಮಗಿಂತ ಕಡಿಮೆಯಿದ್ದೂ ಈಗ ಕಾಲ್ ಮಾಡುವ ಮೂರು ಕೈಗಳ ಹೆಸರು ಹೇಳಿ. ರಾಣಿ-ಗುಲಾಮ ಒಂದು. ಗುಲಾಮ-10 ಇರಬಹುದು. ಮೂರನೆಯದು? 7ರ ಜೋಡಿ ಎಕ್ಕ ನೋಡಿ ಬಹುತೇಕ ಬಿಟ್ಟುಹೋಗುತ್ತದೆ. 8ರ ಜೋಡಿ, 9ರ ಜೋಡಿಯೂ ಹಾಗೇ. ಇನ್ನೊಂದು ಕಡೆ, ಎಕ್ಕ ಹಿಡಿದು ಫ್ಲಾಪ್‌ನಲ್ಲಿ ಸಣ್ಣ ಬೆಟ್ಟಿಗೆ ಕಾಲ್ ಮಾಡಿದವರೆಲ್ಲ ಈಗ ಖುಷಿಯಿಂದ ಕಾಲ್ ಮಾಡುತ್ತಾರೆ. ನಿಮ್ಮ ಬೆಟ್ ಸೋಲುವ ಕೈಗಳನ್ನು ಓಡಿಸಿ ಗೆಲ್ಲುವ ಕೈಗಳನ್ನು ಒಳಗೆ ಇಟ್ಟುಕೊಂಡಿತು. ನಿಮಗಿಂತ ಮೇಲಿನ ಕೈಗಳನ್ನಾದರೂ ಓಡಿಸುತ್ತದೆಯೇ ಎಂದರೆ ಅದೂ ಇಲ್ಲ.

ಹಾಗಾದರೆ ಚೆಕ್ ಮಾಡಿದರೆ ಏನು ಅಪಾಯ? ಪುಕ್ಕಟೆ ಎಲೆ ಕೊಟ್ಟ ಹಾಗಾಗುತ್ತೆ, ಅಲ್ವಾ? ಎಣಿಸಿ ನೋಡೋಣ. ನೆಲದ ಮೇಲೆ ನಾಲ್ಕು ಎಲೆ, ನಾಲ್ಕು ಜಾತಿ. ಫ್ಲಶ್ ಆಗುವ ಮಾತೇ ಇಲ್ಲ. 10-9 ಹಿಡಿದವರಿಗೆ 8 ಒಂದೇ ಬೇಕು, 4 ಎಲೆ. 7ರ ಜೋಡಿ ಇರುವವರಿಗೆ ಇನ್ನೆರಡು 7 ಮತ್ತು ಪಕ್ಕದ ಎಲೆಯ ಮೂರು ಸೇರಿ ಹೆಚ್ಚೆಂದರೆ 5 ಎಲೆ, ಸುಮಾರು ಶೇಕಡ 11. ಪುಕ್ಕಟೆ ಎಲೆಯ ಬೆಲೆ ಇಲ್ಲಿ ತೀರಾ ಕಡಿಮೆ.

ಚೆಕ್‌ನಿಂದ ಸಿಗುವುದು ಅದಕ್ಕಿಂತ ಜಾಸ್ತಿ. ನೀವು ಚೆಕ್ ಮಾಡಿದ್ದನ್ನು ನೋಡಿ "ಇವರ ಹತ್ತಿರ ಎಕ್ಕ ಇಲ್ಲ" ಎಂದು 7ರ ಜೋಡಿಗೆ ಧೈರ್ಯ ಬರುತ್ತದೆ. ರಿವರ್‌ನಲ್ಲಿ ಅವರು ಮತ್ತೆ ಚೆಕ್ ಮಾಡಿದರೆ ನೀವು ಅರ್ಧ ಪಾಟ್ ಹಾಕಬಹುದು, ಟರ್ನ್‌ನಲ್ಲಿ ಓಡಿಹೋಗುತ್ತಿದ್ದ ಅದೇ ಕೈ ಈಗ ಕಾಲ್ ಮಾಡುತ್ತದೆ. ಅವರೇ ಬ್ಲಫ್ ಮಾಡಿದರೆ (ಕೈಯಲ್ಲಿ ಏನೂ ಇಲ್ಲದೆ ಬೆಟ್ ಹಾಕಿ ಹೆದರಿಸಿದರೆ) ನೀವು ಕಾಲ್ ಮಾಡಬಹುದು. ನಿಮ್ಮ ಕೈಗೆ ಸಿಗಬೇಕಾದದ್ದು ಒಂದು ಬೆಟ್‌ನಷ್ಟು ಲಾಭ. ಅದನ್ನು ಯಾವ ಎಲೆಯ ಮೇಲೆ ವಸೂಲಿ ಮಾಡುವುದು ಎಂಬುದಷ್ಟೇ ಪ್ರಶ್ನೆ.

ಲಕ್ಷಣ: ಚೆಕ್ ಮಾಡಿದಿರಿ, ರಿವರ್‌ನಲ್ಲಿ ಅವರ ಎಲೆ ಬಂತು

ಇದು ಮೇಲಿನದರ ತಿರುವು. ಮೇಲಿನ ಪಾಠವನ್ನು ಅರ್ಧ ಕಲಿತವರಿಗೆ ಇದು ಬೇಗ ಹತ್ತಿಕೊಳ್ಳುತ್ತದೆ. ರಾಣಿ ಜೋಡಿ ನಿಮ್ಮ ಕೈಯಲ್ಲಿದೆ. ಫ್ಲಾಪ್ ಆಟೀನ್ ಗುಲಾಮ, ಆಟೀನ್ 8, ಕಳಾವರ್ 4. ಬೆಟ್, ಕಾಲ್. ಪಾಟ್ 100. ಟರ್ನ್ ಇಸ್ಪೀಟ್ 2. ಏನೂ ಬದಲಾಗಲಿಲ್ಲ. "ಪಾಟ್ ದೊಡ್ಡದು ಮಾಡುವುದು ಬೇಡ" ಎಂದು ಚೆಕ್ ಮಾಡಿದಿರಿ.

ಅದೇ ಪರೀಕ್ಷೆ. ಕಡಿಮೆಯಿದ್ದೂ ಕಾಲ್ ಮಾಡುವವರು ಯಾರು? ಎಕ್ಕ-ಗುಲಾಮ, ರಾಜ-ಗುಲಾಮ, ಗುಲಾಮ-10, 10ರ ಜೋಡಿ, ಎಲ್ಲಾ ಆಟೀನ್ ಡ್ರಾಗಳು, 10-9. ಪಟ್ಟಿ ಮೂರಕ್ಕೆ ನಿಲ್ಲಲೇ ಇಲ್ಲ. ಇಲ್ಲಿ ಚೆಕ್ ಮಾಡಿದ್ದು ದೋಷ. (ಒಂದು ಸಣ್ಣ ವಿಷಯ: 10-9 ಇರುವವರಿಗೆ ರಾಣಿ ಅಥವಾ 7 ಬೇಕು, ಲೆಕ್ಕಕ್ಕೆ 8 ಎಲೆ. ಆದರೆ ಎರಡು ರಾಣಿ ನಿಮ್ಮ ಕೈಯಲ್ಲೇ ಇವೆ. ಅವರಿಗೆ ಉಳಿದದ್ದು 6. ಇಂಥದ್ದನ್ನು ಗಮನಿಸುವುದು ಅಭ್ಯಾಸವಾದರೆ ಒಳ್ಳೆಯದು.)

ಇದರ ನಷ್ಟ ಎಷ್ಟು? ಫ್ಲಶ್ ಡ್ರಾ ಇರುವವರು ಐದರಲ್ಲಿ ಒಂದು ಸಲ ಗೆಲ್ಲುತ್ತಾರೆ. ನೀವು ಚೆಕ್ ಮಾಡಿದರೆ 100ರ ಪಾಟ್‌ನಲ್ಲಿ 20 ಚಿಪ್‌ನಷ್ಟು ಪಾಲನ್ನು ಅವರಿಗೆ ಬಿಟ್ಟಿ ಕೊಟ್ಟ ಹಾಗೆ. 65 ಬೆಟ್ ಮಾಡಿ ಅವರು ಕಾಲ್ ಮಾಡಿದರೆ ಪಾಟ್ 230. ಅದರಲ್ಲಿ ಅವರ ಪಾಲು ಶೇಕಡ 20, ಅಂದರೆ 46. ಅದಕ್ಕೆ ಅವರು ಕೊಟ್ಟದ್ದು 65. ಪ್ರತಿ ಕಾಲ್‌ಗೂ ಅವರು 19 ಚಿಪ್ ಕಳೆದುಕೊಳ್ಳುತ್ತಾರೆ. ನಿಮ್ಮ ಚೆಕ್‌ಗೂ ಬೆಟ್‌ಗೂ ನಡುವೆ 39 ಚಿಪ್ ಅಂತರ. ಈ ಲೆಕ್ಕದಲ್ಲಿ ರಿವರ್ ಬೆಟ್ ಸೇರಿಲ್ಲ. ಮೂರನೇ ಆಟೀನ್ ಬಿದ್ದಾಗಲೂ ನೀವು ಕಣ್ಣು ಮುಚ್ಚಿ ಕಾಲ್ ಮಾಡುವವರಾದರೆ, ಈ ಲಾಭವನ್ನು ಅಲ್ಲಿ ವಾಪಸ್ ಕೊಡುತ್ತೀರಿ.

ಬೆಟ್ ಎಷ್ಟು ದೊಡ್ಡದು ಎಂಬುದೂ ಇದೇ ದೋಷದ ಭಾಗ. 100ರ ಪಾಟಿಗೆ 25 ಹಾಕಿದರೆ ಕಾಲ್ ಮಾಡಲು ಅವರಿಗೆ ಶೇಕಡ 17ಕ್ಕಿಂತ ಸ್ವಲ್ಪ ಕಡಿಮೆ ಅವಕಾಶ ಇದ್ದರೆ ಸಾಕು. ಅವರ ಹತ್ತಿರ 20 ಇದೆ. ನೀವೇ ಸರಿಯಾದ ಬೆಲೆ ಕೊಟ್ಟು ಕೂರಿಸಿದಿರಿ. ಅರ್ಧ ಪಾಟಿಗೆ ಅವರಿಗೆ ಬೇಕಾದದ್ದು 25, ಪೂರ್ತಿ ಪಾಟಿಗೆ 33. ಫ್ಲಾಪ್‌ನಲ್ಲಿ ಸಣ್ಣ ಬೆಟ್ ಹಾಕಿದ್ದಕ್ಕೆ ಟರ್ನ್‌ನಲ್ಲೂ ಸಣ್ಣದೇ ಹಾಕುವ ಅಭ್ಯಾಸ ಇದ್ದರೆ, ದಾಖಲೆಯಲ್ಲಿ ಬೆಟ್ ಎಂದು ಬರೆದಿದ್ದರೂ ಅದನ್ನು ಈ ಲಕ್ಷಣದ ಕೆಳಗೇ ಸೇರಿಸಿ.

ಲಕ್ಷಣ: ಟರ್ನ್‌ನಲ್ಲಿ ಬ್ಲಫ್, ರಿವರ್‌ನಲ್ಲಿ ಶರಣಾಗತಿ

ನಾನು ಅತಿ ಹೆಚ್ಚು ಕಂಡದ್ದು ಇದನ್ನೇ, ಹೆಚ್ಚು ಚಿಪ್ ತಿನ್ನುವುದೂ ಇದೇ. ಫ್ಲಾಪ್‌ನಲ್ಲಿ ಏನೂ ಇಲ್ಲದೆ ಬೆಟ್. ಕಾಲ್ ಬಂತು. ಟರ್ನ್‌ನಲ್ಲೂ ಏನೂ ಇಲ್ಲ, ಆದರೂ ದೊಡ್ಡ ಬೆಟ್. ಮತ್ತೆ ಕಾಲ್. ರಿವರ್‌ನಲ್ಲಿ ಧೈರ್ಯ ಮುಗಿಯಿತು, ಚೆಕ್. ಎದುರಾಳಿ ಸಾಧಾರಣ ಜೋಡಿ ತೋರಿಸಿ ಪಾಟ್ ತೆಗೆದುಕೊಂಡರು.

ಪರೀಕ್ಷೆಗೆ ದಾಖಲೆಯ ಆ ಹ್ಯಾಂಡುಗಳನ್ನು ತೆಗೆದು ಕೇಳಿಕೊಳ್ಳಿ: ಟರ್ನ್ ಬೆಟ್ ಹಾಕುವ ಹೊತ್ತಿಗೆ, ಯಾವ ರಿವರ್ ಎಲೆಗಳ ಮೇಲೆ ಮೂರನೇ ಬೆಟ್ ಹಾಕುತ್ತೇನೆ ಎಂದು ನನಗೆ ಗೊತ್ತಿತ್ತೇ? 46 ಎಲೆಗಳಲ್ಲಿ ಹತ್ತು ಹನ್ನೆರಡನ್ನಾದರೂ ಹೆಸರಿಸಲು ಆಗದಿದ್ದರೆ ಆ ಬ್ಲಫ್ ಟರ್ನ್‌ನಲ್ಲೇ ಬೇಡವಾಗಿತ್ತು.

ಏನೂ ಇಲ್ಲದ ಕೈಯಲ್ಲಿ 100ರ ಪಾಟಿಗೆ 65 ಹಾಕಿದರೆ, ಅದು ಮುಳುಗದಿರಲು ಎದುರಾಳಿ ಸುಮಾರು ಶೇಕಡ 39 ಸಲ ಫೋಲ್ಡ್ ಮಾಡಬೇಕು (ಎಲೆ ಎಸೆದು ಆಟ ಬಿಡಬೇಕು). ಈಗ ಅದೇ ಬೆಟ್ ಅನ್ನು 9 ಔಟ್ (ಬಂದರೆ ಕೈ ಗೆಲ್ಲಿಸುವ ಎಲೆ) ಇರುವ ಫ್ಲಶ್ ಡ್ರಾ ಹಿಡಿದು ಹಾಕಿ ನೋಡಿ. ಕಾಲ್ ಬಂದರೂ ನಿಮಗೆ 230ರಲ್ಲಿ 46ರ ಪಾಲು ಇದೆ, ನಷ್ಟ 19 ಮಾತ್ರ. ಆಗ ಶೇಕಡ 16 ಸಲ ಫೋಲ್ಡ್ ಸಿಕ್ಕರೆ ಬೆಟ್ ಮುಳುಗುವುದಿಲ್ಲ. 39 ಎಲ್ಲಿ, 16 ಎಲ್ಲಿ! ಸೆಮಿ ಬ್ಲಫ್ ಎಂದು ಎಲ್ಲರೂ ಹೊಗಳುವುದು ಇದಕ್ಕೇ.

ಆದರೆ ಇಲ್ಲಿ ಬಹಳ ಜನ ನಿಲ್ಲಿಸಿಬಿಡುತ್ತಾರೆ, ಇನ್ನೊಂದು ಹೆಜ್ಜೆ ಇದೆ. ನೀವು ಕೊನೆಗೆ ಆಡುವವರಾದರೆ ಚೆಕ್ ಮಾಡಿ ರಿವರ್ ಎಲೆಯನ್ನು ಪುಕ್ಕಟೆ ನೋಡಬಹುದು. ಆ ಚೆಕ್‌ಗೇ ಸುಮಾರು 20 ಚಿಪ್ ಬೆಲೆ ಇದೆ. ಬೆಟ್ ಅದನ್ನೂ ಮೀರಬೇಕು. ಲೆಕ್ಕ ಹಾಕಿದರೆ ಬೇಕಾದ ಫೋಲ್ಡ್ ಸುಮಾರು ಶೇಕಡ 33ಕ್ಕೆ ಏರುತ್ತದೆ. ಹಾಗಾಗಿ ಫೋಲ್ಡ್ ಮಾಡದ ಎದುರಾಳಿಯ ಮುಂದೆ ಫ್ಲಶ್ ಡ್ರಾ ಹಿಡಿದು ಬೆಟ್ ಮಾಡುವುದು, ಕಾಣುವಷ್ಟು ಒಳ್ಳೆಯ ಆಟ ಅಲ್ಲ. ಪದೇ ಪದೇ ಚೆಕ್ ರೈಸ್ ಮಾಡುವವರ (ಮೊದಲು ಚೆಕ್ ಮಾಡಿ, ನೀವು ಬೆಟ್ ಹಾಕಿದ ಮೇಲೆ ರೈಸ್ ಮಾಡುವವರ) ಮುಂದೆ ಇನ್ನೂ ಕಷ್ಟ. ದೊಡ್ಡ ರೈಸ್ ಬಂದರೆ ನಿಮ್ಮ ಡ್ರಾವನ್ನೇ ಬಿಟ್ಟು ಏಳಬೇಕಾಗುತ್ತದೆ.

ಪರಿಹಾರ: ಟರ್ನ್ ಬ್ಲಫ್‌ಗೆ ಔಟ್ ಇರುವ ಕೈಗಳನ್ನು ಮೊದಲು ಆರಿಸಿ. ಏನೂ ಇಲ್ಲದ ಕೈಗಳಲ್ಲಿ ಹೆಚ್ಚಿನವನ್ನು ಟರ್ನ್‌ನಲ್ಲೇ ಬಿಟ್ಟುಬಿಡಿ. ಫ್ಲಾಪ್‌ನಲ್ಲಿ ಹಾಕಿದ ಚಿಪ್ ಈಗ ಪಾಟಿನದ್ದು, ನಿಮ್ಮದಲ್ಲ.

ಲಕ್ಷಣ: ಎಲೆ ನಿಮಗೆ ಒಳ್ಳೆಯದು ಅನ್ನಿಸಿತು, ಎದುರಾಳಿ ನಂಬಲಿಲ್ಲ

ಇಲ್ಲಿ ತಪ್ಪು ಎಲೆಯನ್ನು ಓದಿದ ರೀತಿಯಲ್ಲಿದೆ. ಟರ್ನ್ ಎಲೆ ಇಬ್ಬರಿಗೂ ಸಮನಾಗಿ ಸೇರುವುದಿಲ್ಲ. ನೀವು ಬಟನ್, ಅವರು ಬಿಗ್ ಬ್ಲೈಂಡ್. ಅವರು ಆಗಲೇ 10 ಹಾಕಿದ್ದರಿಂದ ಉಳಿದ 15 ಕೊಟ್ಟು 9-6, 8-7, 6-4 ಥರದ ಕೈಗಳನ್ನೂ ಆಡುತ್ತಾರೆ. ಎಕ್ಕ-ರಾಜ, ದೊಡ್ಡ ಜೋಡಿಗಳು ಇದ್ದಿದ್ದರೆ ಫ್ಲಾಪಿಗೆ ಮೊದಲೇ ಮರು ರೈಸ್ ಮಾಡಿರುತ್ತಿದ್ದರು.

ಈಗ ಎರಡು ನೆಲ ನೋಡಿ. ಒಂದರಲ್ಲಿ 9, 6, 2, ಟರ್ನ್ ಎಕ್ಕ. ಎಕ್ಕ-ರಾಜ, ಎಕ್ಕ-ರಾಣಿ ಜಾಸ್ತಿ ಇರುವುದು ನಿಮ್ಮ ರೇಂಜ್‌ನಲ್ಲಿ (ಹೀಗೆ ಆಡಿದ ನಿಮ್ಮ ಹತ್ತಿರ ಇರಬಹುದಾದ ಎಲ್ಲ ಕೈಗಳಲ್ಲಿ). ನಿಮ್ಮ ಕೈಯಲ್ಲಿ ಎಕ್ಕ ಇಲ್ಲದಿದ್ದರೂ ಎರಡನೇ ಬೆಟ್ ನಂಬುವಂತಿದೆ. ಇನ್ನೊಂದರಲ್ಲಿ ರಾಜ, 8, 5, ಟರ್ನ್ 7. ಈಗ 9-6 ಮತ್ತು 6-4 ಸ್ಟ್ರೇಟ್ ಆದವು, 8-7 ಎರಡು ಜೋಡಿ ಆಯಿತು. ಇವು ಹೆಚ್ಚು ಇರುವುದು ಅವರ ಕಡೆ. ಫ್ಲಾಪ್‌ನಲ್ಲಿ ಚೆನ್ನಾಗಿದ್ದ ನಿಮ್ಮ ಬ್ಲಫ್ ಇಲ್ಲಿ ನಿಲ್ಲಬೇಕು. ರಾಜನ ಜೋಡಿ ಸಣ್ಣ ಕಿಕ್ಕರ್ (ಕೈಯಲ್ಲಿರುವ ಪಕ್ಕದ ಎಲೆ) ಜೊತೆ ಇದ್ದರೆ ಅದೂ ಒಂದು ಚೆಕ್ ತೆಗೆದುಕೊಂಡರೆ ತಪ್ಪಿಲ್ಲ.

"ಹೆದರಿಸುವ ಎಲೆ ಬಿತ್ತು, ಬೆಟ್ ಹಾಕೋಣ" ಎನ್ನುವ ಮುಂಚೆ, ಅದು ಯಾರನ್ನು ಹೆದರಿಸಬೇಕಾದ ಎಲೆ ಎಂದು ಕೇಳಿಕೊಳ್ಳಿ.

ಲಕ್ಷಣ: ಸೆಟ್ ಸಿಕ್ಕರೂ ಪಾಟ್ ಸಣ್ಣದಾಗೇ ಉಳಿಯಿತು

ಇದು ಬೆಟ್ ಗಾತ್ರದ ದೋಷ. ಪಾಟ್ 100, ಇಬ್ಬರ ಹತ್ತಿರವೂ 250. ನಿಮ್ಮದು ಸೆಟ್ (ಕೈಯಲ್ಲಿನ ಜೋಡಿಗೆ ನೆಲದ ಮೇಲೆ ಅದೇ ಮೂರನೆಯದು). ಟರ್ನ್‌ನಲ್ಲಿ 30 ಹಾಕಿದಿರಿ, ಕಾಲ್. ಪಾಟ್ 160, ಹಿಂದೆ ಉಳಿದದ್ದು 220. ಈಗ ಎಲ್ಲವನ್ನೂ ತಳ್ಳಿದರೆ ಪಾಟ್‌ಗಿಂತ ದೊಡ್ಡ ಬೆಟ್ ಆಗುತ್ತದೆ, ಸಾಧಾರಣ ಕೈ ಓಡಿಹೋಗುತ್ತದೆ. ಅದರ ಬದಲು ಟರ್ನ್‌ನಲ್ಲೇ 72ರ ಸುಮಾರು ಹಾಕಿದ್ದರೆ ಪಾಟ್ 244, ಉಳಿದದ್ದು 178. ರಿವರ್ ಬೆಟ್ಟೂ ಪಾಟಿನ ಮುಕ್ಕಾಲಿಗೆ ಹತ್ತಿರ. ಎರಡೂ ಬೆಟ್ ಒಂದೇ ಅಳತೆಯವು, ಯಾವುದೂ ವಿಚಿತ್ರ ಅನ್ನಿಸುವುದಿಲ್ಲ, ಸ್ಟ್ಯಾಕ್ ಪೂರ್ತಿ ಒಳಗೆ ಹೋಗುತ್ತದೆ. ಸ್ಟ್ಯಾಕ್ ನೋಡದೆ ಟರ್ನ್ ಬೆಟ್ ಹಾಕಬೇಡಿ.

ಪಾಟ್‌ಗಿಂತ ದೊಡ್ಡ ಬೆಟ್ ಯಾವಾಗಲೂ ತಪ್ಪು ಎಂದೂ ಅಲ್ಲ. 2017ರ ಜನವರಿಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ವೃತ್ತಿಪರ ಆಟಗಾರರ ಜೊತೆ ಒಬ್ಬರಿಗೊಬ್ಬರಂತೆ 1,20,000 ಹ್ಯಾಂಡ್ ಆಡಿ ಗೆದ್ದಿತು. ಅದರ ಆಟದಲ್ಲಿ ಎದ್ದು ಕಂಡದ್ದು ಇಂಥ ದೊಡ್ಡ ಬೆಟ್‌ಗಳು. ಎದುರಾಳಿಯ ರೇಂಜ್‌ನಲ್ಲಿ ತೀರಾ ಗಟ್ಟಿ ಕೈಗಳು ಉಳಿದಿಲ್ಲ ಎನ್ನುವ ಕಡೆ ಅವು ಕೆಲಸ ಮಾಡುತ್ತವೆ. ಉದಾಹರಣೆಗೆ ರಾಣಿ, 7, 2, ಟರ್ನ್ 3. ಸೆಟ್ ಇದ್ದಿದ್ದರೆ ಫ್ಲಾಪ್‌ನಲ್ಲೇ ರೈಸ್ ಮಾಡುವಂಥ ಎದುರಾಳಿ ಸುಮ್ನೆ ಕಾಲ್ ಮಾಡಿದ್ದಾರೆ ಎಂದರೆ, ಎಕ್ಕದ ಜೋಡಿ ಹಿಡಿದ ನೀವು ಗಟ್ಟಿಯಾಗಿ ಹಾಕಬಹುದು. ಆದರೆ ಅದೇ ಅಳತೆಯಲ್ಲಿ ಬ್ಲಫ್‌ಗಳನ್ನೂ ಹಾಕುತ್ತೀರಿ ಎಂದು ಅವರಿಗೆ ಅನ್ನಿಸಬೇಕು. ಇಲ್ಲದಿದ್ದರೆ ಎಲ್ಲರೂ ಫೋಲ್ಡ್ ಮಾಡಿಕೊಂಡು ಕೂರುತ್ತಾರೆ.

ಲಕ್ಷಣ: ಮೊದಲು ಆಡುವಾಗ ಚೆಕ್ ಮಾಡಿದರೆ ಸಾಕು, ಎದುರಾಳಿ ಬೆಟ್ ಹಾಕಿ ಓಡಿಸುತ್ತಾರೆ

ದಾಖಲೆಯಲ್ಲಿ ಒಂದೇ ಒಂದು ಎಣಿಕೆ ಮಾಡಿ. ಮೊದಲು ಆಡುವ ಜಾಗದಲ್ಲಿ ಟರ್ನ್ ಚೆಕ್ ಮಾಡಿದ ಮೇಲೆ ಎಷ್ಟು ಸಲ ಫೋಲ್ಡ್ ಮಾಡಿದಿರಿ, ಎಷ್ಟು ಸಲ ಕಾಲ್ ಅಥವಾ ರೈಸ್ ಮಾಡಿದಿರಿ? ಹೆಚ್ಚುಕಡಿಮೆ ಎಲ್ಲವೂ ಫೋಲ್ಡ್ ಆಗಿದ್ದರೆ ನಿಮ್ಮ ಚೆಕ್ ಎಂದರೆ "ನನ್ನ ಹತ್ತಿರ ಏನೂ ಇಲ್ಲ" ಎಂಬ ಘೋಷಣೆ. ಗಮನವಿಟ್ಟು ಆಡುವ ಎದುರಾಳಿ ಯಾವ ಎಲೆ ಹಿಡಿದರೂ ಬೆಟ್ ಹಾಕುತ್ತಾರೆ.

ಒಳ್ಳೆಯ ಕೈಗಳನ್ನೆಲ್ಲ ಬೆಟ್ ಮಾಡಿ ಮುಗಿಸಿದರೆ ಚೆಕ್‌ಗೆ ಉಳಿಯುವುದು ಕಸ ಮಾತ್ರ. ಹಾಗಾಗಿ ಕೆಲವು ಗಟ್ಟಿ ಕೈಗಳನ್ನು ಚೆಕ್‌ನಲ್ಲಿ ಬಿಡಿ. ಡ್ರಾ ಇಲ್ಲದ ಒಣ ನೆಲದಲ್ಲಿ ದೊಡ್ಡ ಕಿಕ್ಕರ್ ಇರುವ ಮೇಲಿನ ಜೋಡಿ, ಕೆಲವೊಮ್ಮೆ ಸೆಟ್ ಕೂಡ. ಆಗ ಅವರ ಬೆಟ್ಟಿಗೆ ಕಾಲ್ ಮಾಡಬಹುದು, ಒಮ್ಮೊಮ್ಮೆ ರೈಸ್ ಕೂಡ. ಇಂಥ ಒಂದೆರಡು ಹ್ಯಾಂಡ್ ತೋರಿಸಿದರೆ ಸಾಕು, ನಿಮ್ಮ ಮುಂದಿನ ಚೆಕ್‌ಗಳಿಗೆ ಮರ್ಯಾದೆ ಸಿಗುತ್ತದೆ. ಡ್ರಾ ತುಂಬಿದ ನೆಲದಲ್ಲಿ ಮಾತ್ರ ಇದನ್ನು ಮಾಡಬೇಡಿ. ಅಲ್ಲಿ ರಾಣಿ ಜೋಡಿಯ ಲೆಕ್ಕ ನೋಡಿದೆವಲ್ಲ.

ಮೂವರು ಇರುವ ಪಾಟ್ ಆದರೆ ಬ್ಲಫ್ ಬಗ್ಗೆ ಇಷ್ಟು ಸಾಕು: ಒಬ್ಬೊಬ್ಬರೂ ಶೇಕಡ 60 ಸಲ ಫೋಲ್ಡ್ ಮಾಡಿದರೂ ಇಬ್ಬರೂ ಒಟ್ಟಿಗೆ ಬಿಡುವುದು ಸುಮಾರು ಶೇಕಡ 36 ಸಲ. ಔಟ್ ಇಲ್ಲದಿದ್ದರೆ ಚೆಕ್ ಮಾಡಿ.

ರಿಪೇರಿ ಆಯಿತೇ ಎಂದು ನೋಡುವುದು

ಒಂದು ಸಲಕ್ಕೆ ಒಂದೇ ದೋಷ ತಿದ್ದಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಎಂದು ತಿಳಿಯುವುದಿಲ್ಲ. ಯಾವುದರಿಂದ ಶುರು ಎಂದರೆ, ನಾನು ಮೂರನೇ ಲಕ್ಷಣವನ್ನೇ ಹೇಳುತ್ತೇನೆ. ಟರ್ನ್‌ನಲ್ಲಿ ಬ್ಲಫ್ ಮಾಡಿ ರಿವರ್‌ನಲ್ಲಿ ಬಿಡುವುದನ್ನು ನಿಲ್ಲಿಸಿದರೆ ಚಿಪ್ ಉಳಿಯುವುದು ಬೇಗ ಕಾಣುತ್ತದೆ.

ಮುಂದಿನ ಮೂವತ್ತು ಹ್ಯಾಂಡುಗಳನ್ನು ಮತ್ತೆ ಬರೆಯಿರಿ. ಗೆಲುವು ಸೋಲಿನ ಮೊತ್ತ ನೋಡಿ ತೀರ್ಪು ಕೊಡಬೇಡಿ, ಮೂವತ್ತು ಹ್ಯಾಂಡ್ ಅದಕ್ಕೆ ತೀರಾ ಕಡಿಮೆ. ಕಾರಣದ ಕಲಂ ನೋಡಿ. ಬೆಟ್ ಹಾಕಿದ ಕಡೆ ಕಾಲ್ ಮಾಡುವ ಕೈಗಳ ಹೆಸರು, ಬ್ಲಫ್ ಮಾಡಿದ ಕಡೆ ರಿವರ್ ಎಲೆಗಳ ಹೆಸರು, ಚೆಕ್ ಮಾಡಿದ ಕಡೆ ಅವರು ಬೆಟ್ ಹಾಕಿದರೆ ನೀವೇನು ಮಾಡುತ್ತೀರಿ ಎಂಬುದು ಬರೆದಿದೆಯೇ? "ಫ್ಲಾಪ್‌ನಲ್ಲಿ ಹಾಕಿದ್ದೆ, ಅದಕ್ಕೆ" ಎಂಬ ಸಾಲು ಇನ್ನೂ ಎಲ್ಲಿ ಉಳಿದಿದೆಯೋ ಆ ಹ್ಯಾಂಡನ್ನು ತೆಗೆದು, ಮೊದಲ ಪರೀಕ್ಷೆಯಿಂದ ಮತ್ತೆ ನಡೆಸಿ.